ಫ್ಲಾಸ್ಕಿನ ಟೀ

ಚಿಕ್ಕಪ್ಪ ಮಾಡಿಕೊಟ್ಟ ಉಕ್ಕಿನ ರಿಂಗುಗಳ ಲಾಟು ಕಂಪನಿಯಿಂದ ವಾಪಸ್ಸಾದದ್ದು ಎರಡನೇ ಸಲವೋ ಮೂರನೇ ಸಲವೋ, ತಿರುಗಿ ತುಮಕೂರಿನ ಬಸ್ಸು ಹತ್ತುವಷ್ಟರಲ್ಲೇ ನನಗೆ ಗೊಂದಲವಾಗಿದೆ. ಇನ್ನೊಮ್ಮೆ ವಾಪಸ್ಸಾದರೆ ಆರ್ಡರ್ ಕೈತಪ್ಪುತ್ತದೆ ಎಂದು ಚಿಕ್ಕಪ್ಪ ಹೇಳಿದ್ದು ಮಾತ್ರ ಖಚಿತ.

ಯಲಹಂಕದಿಂದ ತುಮಕೂರಿಗೆ ಹೊರಟವಳು ದಾಸರಹಳ್ಳಿಯಲ್ಲಿ ಇಳಿದು ಅವರ ಲೇತ್ ಶೆಡ್ಡಿಗೆ ಹೋಗಿದ್ದೆ. ಹೊಸ ಜಪಾನಿ ಮಿಷಿನ್ನಿನ ಮುಂದೆ ಆಪರೇಟರ್ ನಯಾಜ್ ತಲೆ ಕೆರೆದುಕೊಳ್ಳುತ್ತಿದ್ದರು. "ರಿಂಗು ಮಿಷಿನ್ ಮೇಲೆ ಗುಂಡಗಿರುತ್ತೆ ಮೇಡಂ, ಬಿಚ್ಚಿದ್ರೆ ಕೋಳಿಮೊಟ್ಟೆ!"

ಟೀ ಫ್ಲಾಸ್ಕಿನಲ್ಲಿ ಬಂತು. ಕೆಲಸದವರು ಯಾರೂ ಎದುರಿನ ಟೀ ಅಂಗಡಿಗೆ ಹೋಗುವಂತಿಲ್ಲವಂತೆ. "ಅಲ್ಲಿ ಎಲ್ಲಾ ಶೆಡ್ಡಿನೋರೂ ಸೇರ್ತಾರೆ ಕಣಮ್ಮಾ. ನಮ್ ಕೆಲ್ಸದ ಗುಟ್ಟೆಲ್ಲಾ ಹೊರಗೆ ಹೋಗುತ್ತೆ," ಎಂದರು, ಇದೇ ಬೀದಿಯ ಶೆಡ್ಡುಗಳಲ್ಲಿ ಆಪರೇಟರ್ ಆಗಿದ್ದು ಈಗ ಮಾಲೀಕರಾದ ಚಿಕ್ಕಪ್ಪ.

ಯಾವ ಗುಟ್ಟು? ಮೊಟ್ಟೆ ಮಾಡುವುದೇ?

ರೇಗಿ ನಾನೇ ರಸ್ತೆ ದಾಟಿದೆ. ಬೆಂಚಿನಲ್ಲಿದ್ದ ಪಕ್ಕದ ಶೆಡ್ಡಿನವರೊಬ್ಬರು (ಹೆಸರು ಕೇಳಿದೆನೋ ಇಲ್ಲವೋ) ನನ್ನ ಗೊಣಗಾಟಕ್ಕೆ ನಕ್ಕರು. "ತೆಳು ರಿಂಗನ್ನ ಮಿಷಿನ್ನಿಗೆ ಅಷ್ಟು ಬಿಗಿಯಾಗಿ ಕಚ್ಚಿಸಿದ್ರೆ, ಬಿಟ್ಟಾಗ ಸೊಟ್ಟ ಆಗ್ದೆ ಇನ್ನೇನಾಗುತ್ತೆ? ನಮ್ದೂ ಹಂಗೇ ಆಗಿತ್ತು. ಸ್ವಲ್ಪ ಕಮ್ಮಿ ಬಿಗೀಬೇಕು, ಅಷ್ಟೇ. ನಯಾಜಣ್ಣ ಬಂದಿದ್ರೆ ಅರ್ಧ ಟೀನಲ್ಲಿ ಹೇಳ್ತಿದ್ದೆ."

ವಾಪಸ್ ಬಂದು ಹೇಳಿದೆ. ನಯಾಜ್ ಬಿಗಿ ಇಳಿಸಿ ಒಂದು ರಿಂಗು ತೆಗೆದರು, ಅಳೆದರು, ಮತ್ತೆ ಅಳೆದರು. ಗುಂಡಗಿತ್ತು.

ಚಿಕ್ಕಪ್ಪನ ಮುಖ ಗಂಟಿಕ್ಕಿತು. "ನಮ್ ರಿಂಗಿನ ವಿಷ್ಯ ಅವ್ರ ಹತ್ರ ಯಾಕಮ್ಮಾ ಹೇಳ್ದೆ?"

ನಯಾಜ್ ಮಿಷಿನ್ನಿನ ಕಡೆ ತಿರುಗಿ ನಗು ನುಂಗಿದರು. ಉತ್ತರ ಕೊಡುವ ಬದಲು ನಾನೇ ಒಂದು ಪ್ರಶ್ನೆ ಕೇಳಿದೆ. ಚಿಕ್ಕಪ್ಪ ಫ್ಲಾಸ್ಕಿನ ಮುಚ್ಚಳವನ್ನು ಬಿಗಿಯುತ್ತಲೇ ಇದ್ದರು.

"ಚಿಕ್ಕಪ್ಪಾ, ನೀವು ಆಪರೇಟರ್ ಆಗಿದ್ದಾಗ ಟೀ ಎಲ್ಲಿ ಕುಡೀತಿದ್ರಿ?"