ಕಟ್ಟಿದ ಗೇಟು

ಮೂರು ದಿನವಾಯಿತು, ಅಂಚೆಯಕ್ಕ ಬಂದಿಲ್ಲ. ಎಲ್ಲಾದರೂ ಜಾರಿ ಬಿದ್ದರೋ, ನನ್ನ ಮೇಲೆ ಮುನಿಸಿಕೊಂಡರೋ? ಯಾವುದಕ್ಕೆ ಹೆಚ್ಚು ಹೆದರಿದ್ದೇನೆಂದು ನನಗೇ ತಿಳಿಯದು.

ಮೂವತ್ತೊಂದು ವರ್ಷ ಈ ಹಳ್ಳಿಗೆ ಕಾಗದ ಹಂಚಿದವರು. ನಿವೃತ್ತಿಯಾದರೂ ಕಾಲು ಕೇಳಬೇಕಲ್ಲ! ಖಾಲಿ ಚೀಲ ಹೆಗಲಿಗೇರಿಸಿ ದಿನಾ ಅದೇ ಹಳೆಯ ಸುತ್ತು. ನಮ್ಮ ಗೇಟಿನ ಚಿಲಕ ಎರಡು ಸಲ ಬಡಿಯಿತೆಂದರೆ ಎಂಟೂವರೆ. ಒಳಗೆ ಬಂದು ಮಗನನ್ನು "ಏನು ಸಾಹೇಬ್ರೇ" ಎಂದು ಮಾತಾಡಿಸಿ, ಹೂಕುಂಡದಡಿಯ ಕಪ್ಪೆಯ ಯೋಗಕ್ಷೇಮ ವಿಚಾರಿಸಿ, ಆಮೇಲೆ ನನ್ನ ಕಡೆ ತಿರುಗುತ್ತಿದ್ದರು.

"ಬಾರೇ, ತೊರೆವರೆಗೂ ಹೋಗಿಬರೋಣ. ಗಿಡವೆಲ್ಲ ಚಿಗುರಿದೆ."

"ಮಳೆ ಬಂದ್ರೆ?"

"ನೆನೀತೀವಿ."

"ಮಗೂಗೆ ಶೀತ ಆದ್ರೆ?"

"ಮೂಗು ಒರೆಸೋದು. ಭರಣೀಲಿ ಮುಚ್ಚಿಡೋಕೆ ಅವನೇನು ಸಕ್ಕರೆಯೇನೇ?"

ನಗರದಲ್ಲಿ ಓದಿದ ನನಗೆ ಹವಾಮಾನ ತಿಳಿಯುವುದು ಫೋನಿನಲ್ಲೇ. ಒಂಬತ್ತಕ್ಕೆ ಬಿಸಿಲು, ಹತ್ತಕ್ಕೆ ಆಲಿಕಲ್ಲು, ಹತ್ತೂಕಾಲಿಗೆ ಏನೂ ಆಗಿಲ್ಲವೆಂಬಂತೆ ಮತ್ತೆ ಬಿಸಿಲು. ಇಂಥ ಆಕಾಶವನ್ನು ನಂಬಿ ಏಳು ತಿಂಗಳ ಕೂಸನ್ನು ಹೊರಗೆ ಒಯ್ಯುವುದು ಹೇಗೆ? ಚಳಿಗಾಲ ಮುಗಿದರೂ ನನ್ನ ನಡಿಗೆ ಅಡುಗೆಮನೆಯಿಂದ ತೊಟ್ಟಿಲಿಗೆ, ತೊಟ್ಟಿಲಿನಿಂದ ಕಿಟಕಿಗೆ. ಶನಿವಾರಕ್ಕೊಮ್ಮೆ ಬರುವ ಇವರು "ತೋಟ ಎಷ್ಟು ಚೆನ್ನಾಗಿದೆ!" ಅನ್ನುತ್ತಾರೆ. ಹೌದು, ಗಾಜಿನ ಆಚೆ ಚೆನ್ನಾಗಿಯೇ ಇದೆ.

ಕಳೆದ ವಾರ ಗೇಟಿನ ಕಾಗದದ ಪೆಟ್ಟಿಗೆಯೊಳಗೆ ಪುಟ್ಟ ಹಕ್ಕಿಯೊಂದು ಪಾಚಿ ತುಂಬಿ ಗೂಡು ಕಟ್ಟಿತು. ಅಂಚೆಯಕ್ಕ ಮುಚ್ಚಳವೆತ್ತಿ ನೋಡಿ, ಮೆಲ್ಲನೆ ಇಳಿಸಿದರು. "ಒಳಗೆ ಬಾಣಂತಿ ಇದ್ದಾಳೆ. ಅವಳೂ ನಿನ್ನ ಹಾಗೇ, ಜಾಗ ಬಿಟ್ಟು ಏಳಲ್ಲ. ಆದ್ರೆ ಅವಳದು ಮೂರೇ ವಾರ, ಕಣೇ."

ಮಾತು ಚುಚ್ಚಿತು. ಮರುದಿನ ಚಿಲಕದ ಸದ್ದಿಗೆ ಮಗ ಎದ್ದು ಅತ್ತಾಗ ರೇಗಿಬಿಟ್ಟೆ. "ದಿನಾ ಹೀಗೆ ಬಡೀಬೇಡಿ ಅಕ್ಕಾ, ಈಗಷ್ಟೇ ಮಲಗಿಸಿದ್ದೆ!" ಅವರು ಚೀಲ ಹೆಗಲಿಗೇರಿಸಿಕೊಂಡು ಹೊರಟುಹೋದರು. ಇನ್ನು ಸದ್ದೇ ಆಗದಿರಲೆಂದು ಚಿಲಕಕ್ಕೆ ಮಗುವಿನ ಹಳೆಯ ಬಟ್ಟೆ ಸುತ್ತಿ, ಕಂಬಕ್ಕೆ ಸೇರಿಸಿ ಬಿಗಿದೆ.

ಇವತ್ತು ಕಿಟಕಿಯಿಂದ ಆ ಬಟ್ಟೆ ನೋಡುತ್ತಿದ್ದಾಗ ಅವರು ಹಿಂದೊಮ್ಮೆ ಹೇಳಿದ್ದು ನೆನಪಾಯಿತು. ಕೆಲಸಕ್ಕೆ ಸೇರಿದ ಮೊದಲ ದಿನವೇ ಕಲಿತದ್ದಂತೆ: "ಕಟ್ಟಿದ ಗೇಟು ಬಿಚ್ಚಬಾರದು, ನಿಂತು ಕೂಗಲೂಬಾರದು. ಒಳಗೆ ನಾಯಿ ಇರಬಹುದು, ಕಾಯಿಲೆ ಇರಬಹುದು, ಜಗಳ ಇರಬಹುದು. ಸುಮ್ಮನೆ ವಾಪಸ್ ಹೋಗ್ಬೇಕು."

ಹಾಗಾದರೆ ಈ ಗಂಟು ನೋಡಿಯೇ ಅವರು ವಾಪಸ್ ಹೋಗಿರಬೇಕು! ಮಗನನ್ನು ಸೊಂಟಕ್ಕೇರಿಸಿ ಗೇಟಿಗೆ ಓಡಿದೆ. ಮೂರು ದಿನದ ಮಳೆಬಿಸಿಲಿಗೆ ಗಂಟು ಕಲ್ಲಾಗಿತ್ತು. ಉಗುರು ಸೋತಿತು, ಹಲ್ಲೂ ಸೋತಿತು. ಪೆಟ್ಟಿಗೆಯಿಂದ ಹಕ್ಕಿ ಪುರ್ರನೆ ಹಾರಿ ಗೇಟು ದಾಟಿತು. ನಾವಿಬ್ಬರೂ ಒಳಗೇ. ಅಷ್ಟರಲ್ಲಿ ಹನಿ ಬೀಳತೊಡಗಿತು. ಮಗ ಮುಖವೆತ್ತಿ ಬಾಯಿ ತೆರೆದ. ಅಲ್ಲೇ ನಿಂತು ಫೋನ್ ಮಾಡಿದೆ.

ಏಳನೇ ರಿಂಗಿಗೆ ಎತ್ತಿದರು. "ಯಾರು?"

"ನಾನು ಅಕ್ಕಾ. ಗೇಟು ಕಟ್ಟಿದ್ದು ಸದ್ದಿಗೆ, ನಿಮಗಲ್ಲ. ಈಗ ಬಿಚ್ಚೋಕೇ ಬರ್ತಿಲ್ಲ. ಒಂದು ಸಲ ಬರ್ತೀರಾ?"



"ಮಳೆ ಬರ್ತಿದೆಯಲ್ಲೇ? ಎಲ್ಲಿದ್ದೀಯ?"

"ಗೇಟಿನ ಹತ್ರ. ನೆನೀತಿದ್ದೀವಿ."