ಒಂದೇ ಅಚ್ಚಿನ ಅಕ್ಕತಂಗಿ

ಮೊನ್ನೆ ಉಡುಪಿಯಲ್ಲಿ ರಕ್ತಪರೀಕ್ಷೆಗೆ ಕೂತಿದ್ದಾಗ ನರ್ಸ್ ನನ್ನ ತೋಳಿಗೆ ಸ್ಪಿರಿಟ್ ಹತ್ತಿ ಒರೆಸಿದಳು. ಆ ವಾಸನೆಗೆ ಬೆಳ್ಮಣ್ಣಿನ ದೊಡ್ಡಮ್ಮ ನೆನಪಾದರು. ನನ್ನ ನೆಂಟರೇನಲ್ಲ. ಊರಿನವರೆಲ್ಲ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ.

ಎರಡು ಸಾವಿರದ ಐದಾರರ ಮಾತು. ನಾನು ಮಣಿಪಾಲದ ಒಂದು ಲ್ಯಾಬಿನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೆ. ವಯಸ್ಸಾದಂತೆ ನಮ್ಮ ಜೀನುಗಳ ಮೇಲೆ ಸಣ್ಣ ರಾಸಾಯನಿಕ ಗುರುತುಗಳು ಬೀಳುತ್ತವೆ, ಕೆಲವು ಅಳಿಸಿಹೋಗುತ್ತವೆ. ಅದರಿಂದ ಕೆಲವು ಜೀನುಗಳು ಸುಮ್ಮನಾಗುತ್ತವೆ, ಕೆಲವು ಎಚ್ಚರಗೊಳ್ಳುತ್ತವೆ. ಮರೆವಿನ ಕಾಯಿಲೆ ಆಲ್ಝೈಮರ್‌ಗೂ ಇದಕ್ಕೂ ಸಂಬಂಧ ಉಂಟೋ ಎಂಬುದು ನಮ್ಮ ಹುಡುಕಾಟ. ಆಗ ಪರಿಚಯದ ಡಾಕ್ಟರೊಬ್ಬರು ಹೇಳಿದರು: ಉಚ್ಚಿಲದಲ್ಲಿ ಆ ಕಾಯಿಲೆಯ ಹೆಂಗಸೊಬ್ಬರಿದ್ದಾರೆ, ಬೆಳ್ಮಣ್ಣಿನಲ್ಲಿರುವ ಅವರ ಅವಳಿ ತಂಗಿಗೆ ಏನೂ ಆಗಿಲ್ಲ, ಇಬ್ಬರೂ ಒಂದೇ ಅಚ್ಚು. ಜೀನು ಒಂದೇ, ಕಾಯಿಲೆ ಒಬ್ಬರಿಗೆ ಮಾತ್ರ; ನಮಗೆ ಬೇಕಾದದ್ದು ಇಂಥ ಜೋಡಿಯೇ. ಆ ದಿನ ಖುಷಿಗೆ ನನಗೆ ಊಟವೇ ಸೇರಲಿಲ್ಲ.

ರಕ್ತ ತೆಗೆಯಲು ಉಚ್ಚಿಲಕ್ಕೆ ಹೋದಾಗ ಅಕ್ಕ ತನ್ನ ಮಗಳನ್ನೇ ಯಾರೆಂದು ಕೇಳುತ್ತಿದ್ದರು. ತಂಗಿ, ಅಂದರೆ ನಮ್ಮ ದೊಡ್ಡಮ್ಮ, ಅಕ್ಕನ ತಲೆ ಬಾಚುತ್ತಿದ್ದರು.

"ನಾವಿಬ್ಬರೂ ಒಂದೇ ಅಂತಾರೆ. ಹಾಗಾದ್ರೆ ಅವಳಿಗೆ ಮಾತ್ರ ಯಾಕೆ ಬಂತು? ನನಗೂ ಬರ್ತದಾ?"

ಗೊತ್ತಿಲ್ಲ ಎಂದೆ. ಜೀನು ಒಂದೇ ಆದರೂ ಬದುಕು ಅದರ ಮೇಲೆ ಬೇರೆ ಬೇರೆ ಗುರುತು ಹಾಕಿರಬಹುದು, ಅದನ್ನೇ ನೋಡಬೇಕು ಎಂದೆ. ಅವರು ಕೈ ಚಾಚಿದರು. "ಬೇಕಾದಷ್ಟು ತೆಗೆ ಮಾರಾಯ್ತಿ. ನೋಡಿ ಹೇಳು."

ಆಮೇಲೆ ನನಗಿಂತ ಹೆಚ್ಚು ಹುರುಪು ಅವರದ್ದೇ. ಆಗಾಗ ಬಸ್ಸು ಹತ್ತಿ ಮಣಿಪಾಲಕ್ಕೆ ಬರುತ್ತಿದ್ದರು. ಅಕ್ಕನಿಗೆ ಯಾವಾಗ ಟೈಫಾಯ್ಡ್ ಬಂತು, ಎಷ್ಟು ವರ್ಷ ಬೀಡಿ ಕಟ್ಟಿದಳು, ಮಸ್ಕತ್ತಿನಲ್ಲಿದ್ದ ಗಂಡ ತೀರಿಕೊಂಡ ಮೇಲೆ ನಿದ್ದೆ ಹೇಗೆ ಕೆಟ್ಟಿತು... ಎಲ್ಲ ನನ್ನ ನೋಟ್‌ಬುಕ್ಕಿನಲ್ಲಿ ಬರೆಸಿದರು.

ಒಂದು ಮಧ್ಯಾಹ್ನ ಫಲಿತಾಂಶದ ಫೋಟೋ ಕೈಗೆ ಬಂತು. ಜೀನಿನ ಮೇಲಿನ ಗುರುತುಗಳು ಅದರಲ್ಲಿ ಗೆರೆಗಳಾಗಿ ಕಾಣುತ್ತವೆ. ಇಬ್ಬರ ಗೆರೆಗಳೂ ಒಂದೇ ಥರ. ಒಂದು ಕಡೆ ಮಾತ್ರ ತಂಗಿಯ ಗೆರೆ ಉಂಟು, ಅಕ್ಕನದ್ದಿಲ್ಲ. ನಾನು ಕಾರಿಡಾರಿನಲ್ಲಿ ಓಡಿದೆ. ಅವತ್ತು ಲ್ಯಾಬಿಗೆ ಬಂದಿದ್ದ ದೊಡ್ಡಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದೇ ನೋಡಿದ್ದು. ನನ್ನ ಗೈಡ್ ಮೆಲ್ಲಗೆ ಹೇಳಿದರು, ಇದು ರಕ್ತ, ಮಿದುಳಲ್ಲ. ಇಬ್ಬರ ರಕ್ತ ನೋಡಿ ಏನನ್ನೂ ತೀರ್ಮಾನಿಸುವ ಹಾಗಿಲ್ಲ, ಬದುಕಿದ್ದವರ ಮಿದುಳನ್ನು ತೆಗೆದು ನೋಡಲಿಕ್ಕಾಗುವುದಿಲ್ಲ.

"ಸತ್ತ ಮೇಲೆ ಆಗ್ತದಲ್ವಾ?" ಎಂದರು ದೊಡ್ಡಮ್ಮ.

ಮುಂದಿನ ವಾರ ಮಗನೊಂದಿಗೆ ಬಂದು ದೇಹದಾನದ ಕಾಗದಕ್ಕೆ ಸಹಿ ಹಾಕಿದರು. ಅಕ್ಕನ ವಿಷಯದಲ್ಲಿ ಉಚ್ಚಿಲದ ಮನೆಯವರು ಒಪ್ಪಲಿಲ್ಲ. ಅವರನ್ನು ದೂರಲಾರೆ.

ಎರಡು ವರ್ಷದಲ್ಲಿ ದೊಡ್ಡಮ್ಮನೇ ಮೊದಲು ಹೋದರು, ಹೃದಯಾಘಾತ. ಹಿಂದಿನ ದಿನ ಮೊಮ್ಮಕ್ಕಳನ್ನೆಲ್ಲ ಹೆಸರು ಹಿಡಿದು ಕರೆದು ಬಡಿಸಿದ್ದರಂತೆ. ಮಗ ಬೆಳಿಗ್ಗೆಯೇ ಫೋನು ಮಾಡಿ ತಾಯಿಯ ಮಾತು ಉಳಿಸಿದ.

ಅವರ ಮಿದುಳಿನ ಸ್ಲೈಡನ್ನು ಮೈಕ್ರೋಸ್ಕೋಪಿನಲ್ಲಿಟ್ಟು ನೋಡಿದೆ. ಆಲ್ಝೈಮರ್‌ನ ಕಲೆಗಳು ಅಲ್ಲಿ ತುಂಬಿದ್ದವು. ಕಾಯಿಲೆ ಅವರಿಗೂ ಬಂದಿತ್ತು. ಆದರೂ ಅವರು ಏನನ್ನೂ ಮರೆತಿರಲಿಲ್ಲ. ಅದನ್ನು ತಡೆದು ನಿಲ್ಲಿಸಿದ್ದು ಎಂತ? ಆ ಗುರುತುಗಳೋ, ಬೇರೆ ಏನೋ... ಅಳು ಬರುವ ಮೊದಲು ನನಗೆ ಖುಷಿಯಾಯಿತು. ಅದಕ್ಕೆ ಎಷ್ಟೋ ವರ್ಷ ನಾಚಿಕೊಂಡಿದ್ದೆ. ಮರುವರ್ಷ ಅಕ್ಕನೂ ತೀರಿಕೊಂಡರು. ಹೋಲಿಸಿ ನೋಡುವ ದಾರಿ ಅಲ್ಲಿಗೆ ಮುಗಿಯಿತು.

ಈಗ ನನ್ನದೇ ವಿದ್ಯಾರ್ಥಿಗಳಿದ್ದಾರೆ. ಲ್ಯಾಬಿನಲ್ಲಿ ಹೊಸದೇನಾದರೂ ಕಂಡರೆ ಅವರು ನನ್ನ ಬಳಿ ಓಡಿ ಬರುತ್ತಾರೆ. ನನಗೆ ಮಾತ್ರ ಅದನ್ನು ಎತ್ತಿಕೊಂಡು ಬೆಳ್ಮಣ್ಣಿನ ಬಸ್ಸು ಹತ್ತಬೇಕು ಅನ್ನಿಸುತ್ತದೆ. ತೋರಿಸಲಿಕ್ಕೆ ಅಲ್ಲಿ ಅವರಿಲ್ಲ.