ಒಂಬತ್ತರ ಮಗ್ಗಿ

ಕಿಕ್ಕೇರಿಯ ಹೈಸ್ಕೂಲಿನಲ್ಲಿ ನಮಗೆ ಲೆಕ್ಕ ಹೇಳಿಕೊಟ್ಟ ಮೇಷ್ಟ್ರಿಗೆ ಒಂಬತ್ತೆಂದರೆ ಪ್ರಾಣ. ಗ್ರಹಗಳು ಒಂಬತ್ತು, ತಾಯಿ ಹೊರುವ ತಿಂಗಳೂ ಒಂಬತ್ತು ಎಂದು ಬೆರಳು ಮಡಚುತ್ತಿದ್ದರು. ಒಂಬತ್ತನ್ನು ಯಾವುದರಿಂದ ಗುಣಿಸಿದರೂ ಬಂದ ಅಂಕಿಗಳನ್ನು ಕೂಡುತ್ತ ಹೋದರೆ ಕೊನೆಗೆ ಒಂಬತ್ತೇ ಉಳಿಯುತ್ತದೆಂದು ತೋರಿಸಿ, "ಕೂಡಿ ನೋಡ್ರಲಾ!" ಎಂದು ಸೀಮೆಸುಣ್ಣದ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದರು.

ಹೆಣ್ಣಿನಂತೆ ನಡೆಯುವ ಗಂಡಸರನ್ನು ನಮ್ಮ ಕಡೆ 'ಒಂಬತ್ತು' ಎಂದು ಹಂಗಿಸುತ್ತಾರೆ. ನಮ್ಮ ತರಗತಿಯಲ್ಲೂ ಹಾಗೆ ಹಂಗಿಸಿಕೊಳ್ಳುವ ಹುಡುಗನೊಬ್ಬನಿದ್ದ. ಅವತ್ತು ಮೇಷ್ಟ್ರು, "ಒಂಬತ್ತು ಎಂಗೆ ತಿರುಗ್ಸುದ್ರೂ ಒಂಬತ್ತೇ ಕಣ್ರಲಾ" ಅಂದಾಗ ನಾನು ಅವನತ್ತ ತಿರುಗಿ ನಕ್ಕೆ. ಇಡೀ ತರಗತಿ ನಕ್ಕಿತು. ಲೆಕ್ಕ ನಮಗೆ ಹಿಡಿಸಿತೆಂದುಕೊಂಡು ಮೇಷ್ಟ್ರೂ ಬಾಯ್ತುಂಬ ನಕ್ಕರು.

ಮರುದಿನದಿಂದ ಹುಡುಗ ಬರಲಿಲ್ಲ. ಅವನನ್ನು ಹಾಗೆ ಹಂಗಿಸುತ್ತಿದ್ದುದು ಆಮೇಲೆ ತಿಳಿದ ಮೇಷ್ಟ್ರು ದಾರಿ ತೋರಿಸಲು ನನ್ನನ್ನು ಕರೆದುಕೊಂಡು ಅವನ ಊರಿಗೆ ಹೋದರು. ಅವನಾಗಲೇ ಮನೆ ಬಿಟ್ಟಿದ್ದ. ಅವನ ತಾಯಿ ಬಾಗಿಲಲ್ಲೇ ನಿಂತು, "ಹುಡುಗ್ರು ನಗೋದು ದಿನಾ ಇದ್ದದ್ದೇಯ. ನೀವೂ ನಕ್ಕುದ್ರಂತಲ್ಲ ಸಾ," ಅಂದರು. ಮೇಷ್ಟ್ರು ಕೈಮುಗಿದರು. ತಮಗೆ ಗೊತ್ತಿರಲಿಲ್ಲವೆಂದು ಹೇಳಿಕೊಳ್ಳಲಿಲ್ಲ.

ಹೋದ ತಿಂಗಳು ಕೆ.ಆರ್. ಪೇಟೆ ಬಸ್ ನಿಲ್ದಾಣದಲ್ಲಿ ಮೇಷ್ಟ್ರು ಸಿಕ್ಕರು. ತುಂಬ ಇಳಿದುಹೋಗಿದ್ದರು. "ವರ್ಸಕ್ಕೊಂದ್ಸಲ ಅವ್ರ ಮನೆಗೆ ಹೋಯ್ತೀನಿ ಕಣ್ಲಾ. ಆಯಮ್ಮ ಕಾಫಿ ಕೊಡ್ತದೆ. ಅವ್ನು ಎಲ್ಲವ್ನೆ ಅಂತ ಮಾತ್ರ ನಂಗೆ ಹೇಳಕಿಲ್ಲ," ಅಂದರು.

ಅವತ್ತು ಮೊದಲು ನಕ್ಕವನು ನಾನೆಂದು ಆಗಲಾದರೂ ಹೇಳಬೇಕಿತ್ತು. ಅವರ ಬಸ್ಸು ಬಂತು. ಕೈಚೀಲ ಎತ್ತಿಕೊಟ್ಟೆ.